ಹಾಲಿಗಿಳಿದ ಅಡ್ಡಿಕೆ

ಡಿಸೆಂಬರ್ ಒಂಬತ್ತರಂದು ನನ್ನ ಹಳೆಯ ಡೈರಿಯಲ್ಲಿ ಹೀಗಿದೆ: ‘ಅತ್ತೆಯವರ ಕುತ್ತಿಗೆಯ ಅಡ್ಡಿಕೆಯ ನಡುವಿನ ಕೆಂಪು ಹರಳು ಕಳಚಿದೆ. ಕೂರಿಸಲು ಕೊಡಬೇಕು.’ ಬೇರೆ ಮನೆಗಳಲ್ಲಿ ಇಷ್ಟಕ್ಕೇ ಮುಗಿಯುತ್ತದೆ. ನಮ್ಮಲ್ಲಿ ಯಾವ ಕೆಲಸವೂ ತಜ್ಞರ ಕೈಗೆ ಸಿಗದೆ ಮುಗಿದದ್ದಿಲ್ಲ. ಸಂಕ್ರಾಂತಿ ಕಳೆದರೆ ಮಗಳ ನಿಶ್ಚಿತಾರ್ಥ, ಅವಳಿಗೆ ಹಾಕುವುದು ಇದನ್ನೇ. ನಡುವಿನ ಕೆಂಪನ್ನು ನೋಡಲೇಬೇಕು ಎಂದು ನಾನು ಬೀಗರಿಗೆ ಹೇಳಿಯೂ ಆಗಿತ್ತು.

ಪರೀಕ್ಷೆ

ಬಣಕಲ್‌ನಿಂದ ನಾದಿನಿ ಬಂದಳು. ಆಚಾರಿಗೆ ಕೊಡುವ ಮೊದಲು ಹರಳು ಅಸಲಿಯೋ ಎಂದು ನೋಡಬೇಕಂತೆ. ಅಸಲಿ ಕೆಂಪು ಹರಳು ಹಾಲನ್ನು ಗುಲಾಬಿ ಮಾಡುತ್ತದಂತೆ. ಕೆಮಿಸ್ಟ್ರಿ ಓದಿದವಳು ನಾನು, ಬೇಡ ಎಂದೆ. “ಕಾಲೇಜಲ್ಲಿ ಇದನ್ನೆಲ್ಲ ಎಲ್ಲಿ ಹೇಳ್ಕೊಡ್ತಾರೆ ಅತ್ತಿಗೆ,” ಎಂದಳು.

ಅಡ್ಡಿಕೆಯನ್ನು ಒಂದು ಬಟ್ಟಲು ಹಾಲಲ್ಲಿ, ಕಳಚಿದ ಹರಳನ್ನು ಇನ್ನೊಂದರಲ್ಲಿ ರಾತ್ರಿಯಿಡೀ ಹಾಕಿಟ್ಟಳು. ಬೆಳಿಗ್ಗೆ ಅಡ್ಡಿಕೆಯ ಹಾಲು ಗುಲಾಬಿ, ಒಂಟಿ ಹರಳಿನದು ಬರೀ ಬಿಳಿ. “ಎಲ್ಲ ಅಸಲಿ, ಇದೊಂದು ಗಾಜು,” ಎಂದು ತೀರ್ಪಾಯಿತು. ಆ ಹಾಲನ್ನು ಬೆಕ್ಕು ಮೂಸಿ ನೋಡಿ ಹೋಯಿತು. ಮನೆಯಲ್ಲಿ ಬುದ್ಧಿ ಇದ್ದದ್ದು ಅದಕ್ಕೊಂದಕ್ಕೇ.

ಒಣಗಿಸುವುದು

ಹಾಲು ಒಳಗಿಳಿದಿದೆ, ತೇವ ಆರಬೇಕು ಎಂದು ನಮ್ಮ ಮನೆಯವರು ಅಡ್ಡಿಕೆಯನ್ನು ಕಣಕ್ಕೆ ಒಯ್ದು, ಒಣಗುತ್ತಿದ್ದ ಕಾಫಿ ಹಣ್ಣಿನ ಪಕ್ಕ ಕರಿ ಟಾರ್ಪಾಲಿನ ಮೇಲಿಟ್ಟರು. ಒಣಗಿಸುವ ವಿಷಯದಲ್ಲಿ ಅವರಿಗೆ ಯಾರೂ ಹೇಳುವಂತಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹರಳು ಹಿಡಿದಿದ್ದ ಅರಗು ಮೆತ್ತಗಾಯಿತು. ಕಾಫಿ ತಿರುವುವವನ ಹಲುಬೆಯ ಹಲ್ಲಿಗೆ ಸಿಕ್ಕಿ ಹರಳುಗಳೆಲ್ಲ ಹಣ್ಣಿನ ರಾಶಿ ಸೇರಿದವು. ಕೆಂಪಿನಲ್ಲಿ ಕೆಂಪು.

ಹೆಣ್ಣಾಳುಗಳೆಲ್ಲ ಕೂತು ಆರಿಸಿದರು. ಮೇಸ್ತ್ರಿ ಒಂದು ಹರಳೆತ್ತಿ ತೋರಿಸಿ, ನಗು ತಡೆದುಕೊಂಡು, “ಈ ಹಣ್ಣು ಸಿಪ್ಪೆ ಸುಲಿಯೋ ಪಲ್ಪರಿಗೆ ಹಾಕೋದೋ ಅಮ್ಮಾವ್ರೇ?” ಎಂದ. ಕಾಫಿ ಒಣಗಿದೆಯೇ ಎಂದು ಕಚ್ಚಿ ನೋಡುವುದು ನಮ್ಮ ಮನೆಯವರ ಹಳೆಯ ಅಭ್ಯಾಸ. ಕೊನೆಯ ಹರಳು ಸಿಕ್ಕಿದ್ದು ಹಾಗೆಯೇ. ಅದು ಚೆನ್ನಾಗಿ ಒಣಗಿತ್ತು. ಹಲ್ಲು ಹೋಯಿತು.

ಕಾವಲು

ಚಿಕ್ಕಮಗಳೂರಿನ ಆಚಾರಿ ಹರಳು ಬದಲಾಯಿಸದಂತೆ ಎದುರಿಗೆ ಕೂತು ಕಾಯಲು ನಾದಿನಿಯೇ ಹೋದಳು. ಮನೆಯವರನ್ನು ಕರೆದುಕೊಂಡು ಹಲ್ಲಿನ ಡಾಕ್ಟರ ಬಳಿಗೆ ನಾನು ಹೋಗಬೇಕಾಗಿತ್ತು. ಸಂಜೆ ಬಂದು ವರದಿ ಒಪ್ಪಿಸಿದಳು: ನೀರು ಕುಡಿಯಲೂ ಏಳಲಿಲ್ಲ, ಒಂದು ಹರಳೂ ಅತ್ತಿತ್ತ ಹೋಗಲು ಬಿಡಲಿಲ್ಲ. ಆ ಗಾಜಿನ ಚೂರನ್ನು ಮಾತ್ರ ಆಚಾರಿಗೇ ಇಟ್ಟುಕೊಳ್ಳಲು ಹೇಳಿ, ನಡುವಿಗೆ ಅಂಗಡಿಯಿಂದ ಒಳ್ಳೆಯ ಹೊಳೆಯುವುದನ್ನು ಹಾಕಿಸಿದಳಂತೆ. ಆಚಾರಿ ಎರಡು ಸಲ “ಯೋಚನೆ ಮಾಡಿ ಹೇಳಿ” ಎಂದನಂತೆ. “ಗಾಜು ತಗೊಳ್ಳೋಕೆ ಅವನಿಗೇ ನಾಚಿಕೆ ಆಯ್ತು ಅತ್ತಿಗೆ,” ಎಂದಳು.

ನಿಶ್ಚಿತಾರ್ಥ

ಬೀಗರ ಅಜ್ಜಿ ನಮ್ಮ ಮಗಳ ಕುತ್ತಿಗೆಗೆ ಕನ್ನಡಕ ತಾಗುವಷ್ಟು ಬಗ್ಗಿ, “ನಡುವಿನದು ಬಹಳ ಹೊಳೀತದೆ,” ಎಂದರು. ಹೊಗಳಿದರೋ ಅಲ್ಲವೋ ಮುಖದಿಂದ ಗೊತ್ತಾಗಲಿಲ್ಲ. ಊಟಕ್ಕೆ ಕರೆದಿದ್ದ ಆಚಾರಿಯ ಬೆರಳಲ್ಲಿ ಅಷ್ಟರಲ್ಲೇ ನಾದಿನಿಗೆ ಕೆಂಪು ಹರಳಿನ ಉಂಗುರ ಕಂಡಿತು.

“ಇದು ಅಸಲಿ ಅಂದ್ರೆ ಅಸಲಿ ನೋಡಿ ಅತ್ತಿಗೆ. ಎಲ್ಲಿ ತಗೊಂಡ್ರಿ ಮಾರಾಯ್ರೇ?”

“ನೀವೇ ಕೊಟ್ಟದ್ದಲ್ವಾ ಅಮ್ಮ.”

ಹಾಲು ಗುಲಾಬಿಯಾದದ್ದು ಹರಳಿನಿಂದಲ್ಲ, ಹೊಳಪಿಗೆಂದು ಹರಳಿನ ಅಡಿಗಿಟ್ಟಿದ್ದ ತಗಡಿನ ಬಣ್ಣ ಬಿಟ್ಟು ಎಂದ. ಕಳಚಿದ ಹರಳಿಗೆ ತಗಡೇ ಇರಲಿಲ್ಲ. ಇಷ್ಟು ಹೇಳಿ ಅವನು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಕೊನೆಗೆ ಡೈರಿಯಲ್ಲಿ ಖರ್ಚು ಬರೆದೆ: ಹರಳು ಕೂರಿಸಿದ ಕೂಲಿ, ಹೊಸ ತಗಡು, ಒಂದು ಗಾಜು, ಮನೆಯವರ ಒಂದು ಹಲ್ಲು, ಅತ್ತೆಯವರ ಕೆಂಪು. ಹಾಲು ಮನೆಯದೇ.