ವಾರಕ್ಕೊಂದು ಮೋಡದ ಪತ್ರ

ಮೇಲೂರಿನ ನಮ್ಮ ಮನೆಯಲ್ಲಿ ಕೂತು ನಾನು ಪ್ರತಿ ಶುಕ್ರವಾರ ಒಂದು ಇ-ಮೇಲ್ ಪತ್ರ ಕಳಿಸುತ್ತೇನೆ. ಸಾಫ್ಟ್‌ವೇರ್ ಬರೆಯುವವರಿಗೆ ಕ್ಲೌಡಿನಲ್ಲಿ ಹೊಸದೇನು ಬಂತು, ವೆಬ್‌ಸೈಟ್ ಕಟ್ಟಲು ಯಾವ ಸಲಕರಣೆ ಪುಕ್ಕಟೆ, ಯಾವ ಪಾಠ ಎಲ್ಲಿ ಸಿಗುತ್ತದೆ, ಇಷ್ಟೇ ಅದರಲ್ಲಿರುವುದು. ಎಲ್ಲ ಕನ್ನಡದಲ್ಲಿ. ಇದರಲ್ಲಿ ನಗುವಂಥದ್ದೇನಿದೆ ಅಂದುಕೊಂಡಿದ್ದೆ. ಓದುವವರು ಬಿಡಬೇಕಲ್ಲ!

ಮೋಡ

ಕ್ಲೌಡ್ ಅನ್ನುವುದಕ್ಕೆ 'ಮೋಡ' ಎಂದು ಬರೆದದ್ದು ನನ್ನದೇ ತಪ್ಪು. ಒಂದು ದಿನ ನಂದಿಯಿಂದ ದ್ರಾಕ್ಷಿ ಬೆಳೆಯುವವರೊಬ್ಬರು ಫೋನ್ ಮಾಡಿದರು.

"ಒಂದು ತಿಂಗಳಿಂದ ನಿಮ್ಮ ಮೋಡದ ಸುದ್ದಿ ಓದ್ತಿದ್ದೀನಮ್ಮ. ಗಿಡಕ್ಕೆ ಔಷಧಿ ಹೊಡೀಬೇಕೋ ಬೇಡ್ವೋ, ಅದೊಂದನ್ನ ಮಾತ್ರ ನೀವು ಬರೀತಾನೇ ಇಲ್ಲ."

ಇದು ಆ ಮೋಡ ಅಲ್ಲ, ನಮ್ಮ ಫೈಲುಗಳನ್ನು ದೂರದ ಯಾವುದೋ ಕಂಪ್ಯೂಟರಿನಲ್ಲಿ ಇಡುವುದಕ್ಕೆ ಹಾಗನ್ನುತ್ತೇವೆ ಎಂದು ವಿವರಿಸಿ, "ನಿಮ್ಮ ಹೆಸರು ತೆಗೆದುಬಿಡ್ತೀನಿ ಅಣ್ಣ" ಅಂದೆ.

"ಬೇಡಮ್ಮ, ಇರ್ಲಿ. ಟೀವಿಯೋರು ಹೇಳೋ ಮೋಡ ಬರೋದೇ ಇಲ್ಲ. ನಿಮ್ದು ಶುಕ್ರವಾರ ಶುಕ್ರವಾರ ತಪ್ಪದೆ ಬರುತ್ತೆ."

ಬ್ಯಾಕಪ್

ಕುಡುಮಲಕುಂಟೆಯ ಒಂದು ಕಾರ್ಖಾನೆಯವರು ನನ್ನ ಪತ್ರ ಓದಿ ಕರೆದಿದ್ದರು. ಕೆಲಸಗಾರರ ವರ್ಷಗಟ್ಟಲೆಯ ಹಾಜರಿಯನ್ನು ಹಳೇ ಕಂಪ್ಯೂಟರಿನಿಂದ ಕ್ಲೌಡಿಗೆ ಸಾಗಿಸಬೇಕಿತ್ತು. ಸಾಗಿಸಿಯಾಯಿತು ಅಂದುಕೊಂಡು, ಹಳೆಯದನ್ನು ಅಳಿಸುವ ಮುಂಚೆ ಆಫೀಸಿನ ಹಿರಿಯರನ್ನು ಕೇಳಿದೆ: "ಸಾರ್, ಬ್ಯಾಕಪ್ ಇದೆ ತಾನೆ?"

"ಓಹೋ, ಭರ್ಜರಿಯಾಗಿದೆ."

ಬೆರಳು ಗುಂಡಿಯ ಮೇಲಿಟ್ಟೆ.

"ಆರಾಮಾಗಿ ಮಾಡಿ ಮೇಡಂ. ಕರೆಂಟ್ ಹೋದ್ರೂ ನಾಲ್ಕು ಗಂಟೆ ಬರುತ್ತೆ."

ಗುಂಡಿಯಿಂದ ಬೆರಳು ಕಿತ್ತುಕೊಂಡೆ. ನಾನು ಕೇಳಿದ್ದು ಹಾಜರಿಯ ಇನ್ನೊಂದು ಪ್ರತಿ, ಅವರು ಹೇಳುತ್ತಿದ್ದದ್ದು ಯುಪಿಎಸ್ ಬ್ಯಾಟರಿಯ ವಿಷಯ! ಕ್ಲೌಡಿನಲ್ಲಿ ಮತ್ತೆ ನೋಡಿದರೆ ಅರ್ಧ ಹಾಜರಿ ಹೋಗಿ ಸೇರಿಯೇ ಇರಲಿಲ್ಲ. ಆ ಕೊನೆಯ ಮಾತು ಅವರ ಬಾಯಿಂದ ಬರದಿದ್ದರೆ ಅಷ್ಟೂ ಜನರ ದುಡಿಮೆಯ ಗುರುತು ಅಳಿಸಿಹೋಗುತ್ತಿತ್ತು. ಎದ್ದು ನಿಂತು ಕೈಮುಗಿದೆ.

"ನಂಗ್ಯಾಕೆ ಮೇಡಂ ಕೈ ಮುಗೀತೀರಾ? ಬನ್ನಿ, ತೋರಿಸ್ತೀನಿ" ಎಂದು ಹೆಮ್ಮೆಯಿಂದ ಕರೆದುಕೊಂಡು ಹೋದರು. ಹೋಗಿ ಬ್ಯಾಟರಿಗೂ ಕೈಮುಗಿದು ಬಂದೆ.

ಹುಳ

ಸಾಫ್ಟ್‌ವೇರಿನಲ್ಲಿರುವ ತಪ್ಪಿಗೆ ನಾವು 'ಹುಳ' ಅನ್ನುತ್ತೇವೆ. ಒಂದು ಬೆಳಿಗ್ಗೆ ಅಂಗಳದಲ್ಲಿ ನಿಂತು ಫೋನಿನಲ್ಲಿ, "ಹುಳ ಬಿದ್ದಿದೆ, ಎಲ್ಲಿದೆ ಅಂತಾನೇ ಸಿಗ್ತಿಲ್ಲ" ಎಂದು ಗೋಳಾಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ರೇಷ್ಮೆ ಸಾಕುವವರು. ಗೋಡೆಯಾಚೆಯಿಂದ ಕೇಳಿದರು: "ಎಷ್ಟನೇ ಜ್ವರದಲ್ಲಿದೆಯಮ್ಮ?"

ರೇಷ್ಮೆಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನನ್ನ ಹುಳ ಬೇರೆ ಜಾತಿಯದು ಅಂದೆ. ಅಜ್ಜಿ ಬಿಡಲಿಲ್ಲ.

"ಯಾವ ಜಾತಿಯಾದ್ರೇನು? ಎಲ್ಲಾ ಒಟ್ಟಿಗೆ ನೋಡಿದ್ರೆ ಹೆಂಗೆ ಸಿಗುತ್ತೆ? ಅರ್ಧ ತಟ್ಟೆ ಆ ಕಡೆ ಇಡು, ಅರ್ಧ ಈ ಕಡೆ. ಯಾವ ಕಡೆ ಕೆಟ್ಟಿದ್ಯೋ ಅದನ್ನ ಮತ್ತೆ ಅರ್ಧ ಮಾಡು."

ಹಾಗೇ ಪ್ರೋಗ್ರಾಮನ್ನು ಅರ್ಧರ್ಧ ಮಾಡುತ್ತ ನೋಡಿದೆ. ಕಾಫಿ ಆರುವುದರೊಳಗೆ ತಪ್ಪು ಸಿಕ್ಕಿತು! ಆ ವಾರದ ಪತ್ರದಲ್ಲಿ 'ಹಿರಿಯರೊಬ್ಬರ ಸಲಹೆ' ಎಂದು ಅದನ್ನೇ ಹಾಕಿದೆ. ಬೆಂಗಳೂರಿನ ಇಂಜಿನಿಯರೊಬ್ಬರು ಉತ್ತರ ಬರೆದರು: "ಅವರು ಯಾವ ಕಂಪನಿ? ನಮ್ಮಲ್ಲಿಗೆ ಬರ್ತಾರಾ ಕೇಳಿ."

ಕೇಳಿದೆ. ಅಜ್ಜಿ ಹುಳಗಳಿಗೆ ಸೊಪ್ಪು ಹಾಕುತ್ತಲೇ ಹೇಳಿದರು: "ಹುಳ ಎರಡನೇ ಜ್ವರ ಎದ್ದಿದೆ, ಈಗಾಗಲ್ಲ ಅನ್ನು."

ಅಮ್ಮನ ಪಟ್ಟಿ

ಪತ್ರ ಕಳಿಸುವ ಮುಂಚೆ ನನಗೆ ನಾನೇ ಒಂದು ಕಳಿಸಿಕೊಂಡು ಪರೀಕ್ಷೆ ಮಾಡುತ್ತೇನೆ. ಅವತ್ತು ಅಡುಗೆಮನೆಯಿಂದ ಅಮ್ಮ ಸಾಮಾನಿನ ಪಟ್ಟಿ ಹೇಳುತ್ತಿದ್ದರು. ಕೈಗೆ ಚೀಟಿ ಸಿಗದೆ ಆ ಪರೀಕ್ಷೆಯ ಪತ್ರದಲ್ಲೇ ಟೈಪ್ ಮಾಡಿದೆ: ತೊಗರಿಬೇಳೆ, ಹುಣಸೆಹಣ್ಣು, ಅಪ್ಪನ ಮಂಡಿನೋವಿಗೆ ಎಣ್ಣೆ, ಹೋದ ಸಲದ್ದು ಬೇಡ, ಅದು ಬರೀ ವಾಸನೆ. ಒತ್ತಿದ ಗುಂಡಿ ತಪ್ಪಿತು. 'ಈ ವಾರ ನೀವು ನೋಡಲೇಬೇಕಾದ ಸಲಕರಣೆಗಳು' ಎಂಬ ತಲೆಬರಹದ ಕೆಳಗೆ ಆ ಪಟ್ಟಿ ಓದುಗರೆಲ್ಲರಿಗೂ ಹೋಯಿತು!

ನಾಚಿಕೆಯಿಂದ ಭೂಮಿಗಿಳಿದುಹೋದೆ. ಯಾವತ್ತೂ ಉತ್ತರ ಬರೆಯದವರೆಲ್ಲ ಅವತ್ತು ಬರೆದರು. "ಮೊದಲೆರಡು ನಮ್ಮಲ್ಲಿ ಆಗಲೇ ಬಳಸ್ತಿದ್ದೀವಿ, ಚೆನ್ನಾಗಿ ಕೆಲಸ ಮಾಡ್ತವೆ" ಎಂದೊಬ್ಬರು. "ಎಣ್ಣೆಯ ಹೊಸ ಆವೃತ್ತಿ ಯಾವಾಗ?" ಎಂದಿನ್ನೊಬ್ಬರು.

ಭಾನುವಾರ ಚಿಂತಾಮಣಿಯಿಂದ ಒಬ್ಬ ಹುಡುಗಿ ಸ್ಕೂಟರಿನಲ್ಲಿ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಎಣ್ಣೆ ಬಾಟಲಿ.

"ನಮ್ಮವ್ವ ಕಾಯಿಸಿದ್ದು ಅಕ್ಕ. ನಿಮ್ಮ ಪತ್ರದಲ್ಲಿದ್ದ ಪಾಠ ಓದ್ಕೊಂಡೇ ನಂಗೆ ಕೆಲಸ ಸಿಕ್ಕಿದ್ದು. ಇಷ್ಟಾದ್ರೂ ತರಬೇಡ್ವಾ?"

ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಕಣ್ಣು ತುಂಬಿತು. ಅಮ್ಮ ಅವಳಿಗೆ ಊಟ ಬಡಿಸಿ, ಬಾಗಿಲವರೆಗೂ ಹೋಗಿ ಕಳಿಸಿಕೊಟ್ಟು, ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ನಿಂಗೆ ತೋಚಿದ್ದು ಬರ್ದೆ, ಒಬ್ರೂ ಈ ಕಡೆ ಬರ್ಲಿಲ್ಲ. ಒಂದೇ ಒಂದ್ಸಲ ನಾನು ಹೇಳಿದ್ದು ಬರ್ದೆ, ನೋಡು, ಮನೆ ಬಾಗ್ಲಿಗೇ ತಂದ್ಕೊಟ್ರು!"