ಹದಿನೈದು ಮೀಟರ್ ವೈರು ಮತ್ತು ಮಾವನವರ ಹಲಸಿನ ಹಲಗೆ

ಈ ವರ್ಷ ನಾನೊಂದು ಭೀಷಣ ಪ್ರತಿಜ್ಞೆ ಮಾಡಿದೆ. ಮಾವನವರ ಹೊಸ ಮನೆಯಲ್ಲಿ ದೇವರ ಕೋಣೆಯ ಬಾಗಿಲ ಮೇಲೆ ಕೂರಿಸುವ ಹಲಗೆಯನ್ನು ನಾನೇ ಕೆತ್ತಿಕೊಡುತ್ತೇನೆ! ಅದೂ ಉಳಿ ಮುಟ್ಟದೆ!

ಮಂತ್ರ ಹಾಕಿ ಅಲ್ಲ ಸ್ವಾಮಿ. ನನ್ನ ಹತ್ತಿರ ಒಂದು ಸಿ.ಎನ್.ಸಿ. ಮಿಷನ್ನಿದೆ. ಲ್ಯಾಪ್‌ಟಾಪಿನಲ್ಲಿ ಚಿತ್ರ ಬರೆದು ಒಂದು ಗುಂಡಿ ಒತ್ತಿದರೆ ಸಾಕು, ಗಿರ್ರೆಂದು ತಿರುಗುವ ಮೋಟರಿನ ತುದಿ ತಾನೇ ಓಡಾಡಿ ಮರ ಕೆತ್ತುತ್ತದೆ. ಬಿಡಿ ಭಾಗಗಳನ್ನು ತರಿಸಿ, ಎರಡು ಬೇಸಿಗೆ ರಜೆಗಳನ್ನು ಧಾರೆ ಎರೆದು, ಜಾವಗಲ್ಲಿನ ನಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ ನಾನೇ ಜೋಡಿಸಿದ್ದು. ನಾನು ಇಲ್ಲಿನ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು, ಹೆಸರು ಸುಪಾರ್ಶ್ವ. ವಿದ್ಯುತ್ತಿನ ವಿಚಾರದಲ್ಲಿ ನನಗೆ ಬುದ್ಧಿ ಹೇಳುವವರು ಈ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದ ಕಾಲವದು.

ಮಾವ ವಿಮಲನಾಥಯ್ಯನವರು ಹಳೇಬೀಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ. ಅವರ ಹಿತ್ತಿಲಲ್ಲೊಂದು ಹಲಸಿನ ಮರವಿತ್ತು. ಅತ್ತೆ ರತ್ನಪ್ರಭಾ ಮದುವೆಯಾಗಿ ಬಂದ ವರ್ಷ ನೆಟ್ಟಿದ್ದಂತೆ. ಹೋದ ವರ್ಷ ಗಾಳಿಗೆ ಉರುಳಿತು. ಕೊಯ್ಯಿಸಿ ನೋಡಿದರೆ ಒಳಗೆಲ್ಲ ಟೊಳ್ಳು. ನೆಟ್ಟಗೆ ಸಿಕ್ಕಿದ್ದು ಅರಿಸಿನ ಬಣ್ಣದ ಒಂದೇ ಒಂದು ಅಗಲವಾದ ಹಲಗೆ.

"ಆಚಾರ್ರಿಗೆ ಹೇಳಿದೀನಿ ಅಳಿಯಂದಿರೇ, ಏಳು ಕಮಲ ಕೆತ್ತಿಕೊಡ್ತಾರೆ," ಎಂದರು ಮಾವ.

"ಆಚಾರ್ರು ಯಾಕೆ ಮಾವ? ನನ್ನ ಮಿಷನ್ನು ಕೂದಲೆಳೆಯಷ್ಟೂ ತಪ್ಪಲ್ಲ. ಹೊಯ್ಸಳರ ಕಾಲದಲ್ಲಿ ಇದೊಂದಿದ್ದಿದ್ರೆ ನಿಮ್ಮೂರಿನ ದೇವಸ್ಥಾನದ ಕೆಲಸ ಅರ್ಧಕ್ಕೆ ನಿಲ್ತಾನೇ ಇರ್ಲಿಲ್ಲ!"

ಅತ್ತೆ ಹಲಗೆಯ ಮೇಲೊಮ್ಮೆ ಕೈಯಾಡಿಸಿದರು. "ಇರೋದು ಇದೊಂದೇ ಕಣಪ್ಪ. ನೋಡ್ಕೊಂಡು ಮಾಡಿ," ಎಂದಷ್ಟೇ ಹೇಳಿದರು. ಗೃಹಪ್ರವೇಶಕ್ಕೆ ಉಳಿದಿದ್ದು ಹತ್ತು ದಿನ.

ವಾಪಸ್ ಬರುವಾಗ ಬಸ್ಸಿನಲ್ಲಿ ಹಲಗೆ ನನ್ನ ತೊಡೆಯ ಮೇಲೆ, ಹೆಂಡತಿ ದರ್ಶಿನಿಯ ಕಣ್ಣು ಕಿಟಕಿಯ ಆಚೆ.

"ಒಪ್ಕೊಳ್ಳೋಕೆ ಮುಂಚೆ ಒಂದ್ಸಲ ನನ್ನ ಮುಖ ನೋಡ್ಬೇಕಿತ್ತು ನೀವು."

"ನೋಡ್ದೆ."

"ನೋಡಿದ್ಮೇಲೂ ಒಪ್ಕೊಂಡ್ರಾ!"

ಈಗ ವೈರಿನ ವಿಷಯಕ್ಕೆ ಬರುತ್ತೇನೆ. ಮಿಷನ್ನು ಹಿತ್ತಿಲ ಕೋಣೆಯಲ್ಲಿ. ಲ್ಯಾಪ್‌ಟಾಪಿಗೆ ಮರದ ಪುಡಿ ತಾಗಬಾರದೆಂದು ಅದಕ್ಕೆ ಹಾಲಿನಲ್ಲಿ ಸಿಂಹಾಸನ. ನಡುವೆ ಅಡುಗೆಮನೆ. ಎಲ್ಲ ಸೇರಿ ಏಳು ಮೀಟರ್ ವೈರು ಸಾಕಿತ್ತು. ನಾನು ಹದಿನೈದು ತರಿಸಿದ್ದೆ! ನಮ್ಮ ವಂಶದಲ್ಲಿ ಯಾರೂ ಬೇಕಾದಷ್ಟೇ ವೈರು ಕೊಂಡವರಲ್ಲ. "ಇರ್ಲಿ, ಮುಂದಕ್ಕೆ ಬೇಕಾಗುತ್ತೆ" ಎಂದು ಕೊಳ್ಳುವುದು, ಆಮೇಲೆ ಕತ್ತರಿಸಲು ಮನಸ್ಸು ಬಾರದೆ ಸುತ್ತಿಡುವುದು. ನಾನೂ ಹಾಗೇ ಮಾಡಿದೆ. ಲ್ಯಾಪ್‌ಟಾಪಿನ ವೈರು, ಅಂಚು ಮುಟ್ಟಿದರೆ ಮಿಷನ್ನನ್ನು ನಿಲ್ಲಿಸುವ ಪುಟ್ಟ ಸ್ವಿಚ್ಚುಗಳ ವೈರು, ಕೆತ್ತುವ ಮೋಟರಿನ ದಪ್ಪ ವೈರು, ಎಲ್ಲದರ ಮಿಕ್ಕ ಉದ್ದವನ್ನೂ ಒಟ್ಟಿಗೆ ಸುರುಳಿ ಸುತ್ತಿ, ಬಣ್ಣಬಣ್ಣದ ಪಟ್ಟಿ ಬಿಗಿದು, ಗೋಡೆಗೆ ನೇತುಹಾಕಿದೆ. ಎಂಥ ಶಿಸ್ತು! ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿಕೊಂಡಿದ್ದೆ.

ಸೋಮವಾರ ಶಾಲೆಯಿಂದ ಬಂದವನೇ ಪ್ಲೈವುಡ್ ತುಂಡಿನ ಮೇಲೆ ಪರೀಕ್ಷೆಗೆ ಕೂತೆ. ಮಿಷನ್ನು ಒಂದು ದಳ ಕೆತ್ತಿತು. ಎರಡನೆಯದಕ್ಕೆ ಕೈ ಹಾಕಿತು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಮಿಕ್ಸಿ ಘುರ್ರೆಂದಿತು. ಮಿಷನ್ನು ಗಕ್ಕನೆ ನಿಂತಿತು! ಪರದೆಯ ಮೇಲೆ ಕೆಂಪಕ್ಷರ: ಅಂಚು ಮುಟ್ಟಿದ್ದೇನೆ, ಮುಂದೆ ಹೋಗಲಾರೆ. ಅಂಚೆಲ್ಲಿದೆ? ಅದು ನಟ್ಟನಡುವೆ ನಿಂತಿತ್ತು!

ಮಂಗಳವಾರ ಮತ್ತೆ ಅದೇ. ಮಿಕ್ಸಿ ಘುರ್ರ್, ಮಿಷನ್ ಗಕ್. ಬುಧವಾರವೂ ಅಷ್ಟೆ.

ನಮ್ಮದು ಜೈನರ ಮನೆ. ಸೂರ್ಯ ಮುಳುಗುವ ಮುಂಚೆ ರಾತ್ರಿಯೂಟ ಮುಗಿಯಬೇಕು. ಬೇರೆಯವರ ಮನೆಗಳಲ್ಲಿ ಟೀ ಕುಡಿದು ಮೈಮುರಿಯುವ ಹೊತ್ತಿಗೆ ನಮ್ಮಲ್ಲಿ ರುಬ್ಬುವ ಭರಾಟೆ. ಅಂಚೆ ಕಚೇರಿಯ ಕೆಲಸ ಮುಗಿಸಿ ಬರುವ ದರ್ಶಿನಿ ಮಿಕ್ಸಿ ಹಾಕುವ ಗಳಿಗೆಯೂ ನಾನು ಮಿಷನ್ ಶುರು ಮಾಡುವ ಗಳಿಗೆಯೂ ಒಂದೇ. ನಾನು ಇಂಟರ್‌ನೆಟ್ಟು ಜಾಲಾಡಿ ಕಾಯಿಲೆಯ ಹೆಸರನ್ನೂ ಕಂಡುಹಿಡಿದೆ: ಎಲೆಕ್ಟ್ರಿಕಲ್ ನಾಯ್ಸ್! ಅಂದರೆ ಒಂದು ಉಪಕರಣದ ವಿದ್ಯುತ್ತಿನ ಗಲಾಟೆ ಇನ್ನೊಂದರ ವೈರಿಗೆ ನುಗ್ಗಿ, ಸುಳ್ಳು ಸುದ್ದಿ ಹಬ್ಬಿಸುವುದು. ಅಪರಾಧಿ ಸಿಕ್ಕಿಬಿದ್ದ!

"ದರ್ಶಿನಿ, ಇವತ್ತಿಂದ ನಿನ್ನ ಮಿಕ್ಸಿ ಬಂದ್."

"ಚಟ್ನಿ?"

"ಒರಳಿದೆಯಲ್ಲ?"

ಅವಳು ನನ್ನನ್ನೊಮ್ಮೆ, ಒರಳನ್ನೊಮ್ಮೆ ನೋಡಿದಳು. "ಎಷ್ಟು ದಿನ?"

"ಹಲಗೆ ಮುಗಿಯೋವರೆಗೆ. ನಿಮ್ಮಪ್ಪನ ಮನೇದೇ ತಾನೆ?"

ಅದಕ್ಕೆ ಅವಳು ಕೊಟ್ಟ ಉತ್ತರವನ್ನು ಅಚ್ಚು ಹಾಕುವಂತಿಲ್ಲ. ಆದರೂ ಒರಳು ತೊಳೆದಳು. ನಾನು ಅಲ್ಲಿಗೇ ನಿಲ್ಲಲಿಲ್ಲ. ಫ್ಯಾನು ಬಂದ್, ಫ್ರಿಜ್ಜು ಬಂದ್, ವಾಷಿಂಗ್ ಮಿಷನ್ ಬಂದ್! ಪಕ್ಕದ ಮನೆಯ ಷಡಕ್ಷರಪ್ಪನವರ ಹತ್ತಿರವೂ ಹೋಗಿ, ಸಂಜೆ ಆರರವರೆಗೆ ಬೋರಿನ ಮೋಟರ್ ಹಾಕಬೇಡಿ ಎಂದು ಬೇಡಿಕೊಂಡೆ.

"ಅಲ್ಲ ಮೇಷ್ಟ್ರೇ, ನಮ್ಮ ಮೋಟ್ರು ತೆಂಗಿನ ತ್ವಾಟದ ಆ ಕೊನೇಲೈತೆ. ನಿಮ್ಮ ಮಿಷನ್ಗೆ ಅಷ್ಟು ದೂರದಿಂದ ಭಯ ಆಯ್ತದಾ?"

"ಸೂಕ್ಷ್ಮ ಯಂತ್ರ, ಷಡಕ್ಷರಪ್ಪನೋರೇ."

"ಅಂಗಾರೆ ಅದಕ್ಕೊಂದು ತಾಯತ ಕಟ್ಸಿ," ಎಂದು ನಕ್ಕರು. ಆದರೂ ಮೋಟರ್ ಆರಿಸಿದರು, ಪುಣ್ಯಾತ್ಮರು.

ಮಾರನೆಯ ದಿನ ಗುರುವಾರ. ಗೃಹಪ್ರವೇಶ ಭಾನುವಾರ. ಇನ್ನು ಪ್ಲೈವುಡ್ ಸಾಕು ಎಂದು ನಿಜವಾದ ಹಲಗೆಯನ್ನೇ ಮಿಷನ್ನಿಗೆ ಬಿಗಿದೆ. ಮನೆಯಲ್ಲಿ ಸ್ಮಶಾನ ಮೌನ. ಒರಳಿನ ಗುಡುಗುಡು ಒಂದೇ ಸದ್ದು. ಮಿಷನ್ನು ಮೇಲುಮೇಲಿನ ಗೆರೆಗಳನ್ನು ಸರಾಗವಾಗಿ ಎಳೆಯಿತು. "ನೋಡಿದ್ಯಾ! ಮಿಕ್ಸಿ ನಿಂತ ಕೂಡ್ಲೇ ಹೆಂಗೆ ಓಡ್ತಿದೆ!" ಎಂದು ಹಾಲಿನಿಂದಲೇ ಕೂಗಿದೆ.

ಮೋಟರ್ ಆಳಕ್ಕಿಳಿದು ಜೋರಾಗಿ ತಿರುಗತೊಡಗಿತು. ಗಕ್! ಅದೇ ಕೆಂಪಕ್ಷರ.

ಇಲ್ಲಿ ನಾನು ತಾಳ್ಮೆಯಿಂದಿರಬೇಕಿತ್ತು. ಹಾಗೆ ಹಠಾತ್ತನೆ ನಿಂತ ಮಿಷನ್ನಿಗೆ ತಾನೆಲ್ಲಿದ್ದೇನೆ ಎಂಬುದೇ ಮರೆತುಹೋಗಿರುತ್ತದೆ. ಅದನ್ನು ಮೊದಲ ಜಾಗಕ್ಕೆ ಕಳಿಸಿ ಮತ್ತೆ ಶುರು ಮಾಡಬೇಕು. ನಾನು ಸಿಟ್ಟಿನಲ್ಲಿ "ಮುಂದುವರಿ" ಗುಂಡಿ ಒತ್ತಿಬಿಟ್ಟೆ. ಅದು ಮುಂದುವರಿಯಿತು. ಕಮಲವನ್ನು ಬಿಟ್ಟು, ಹಲಗೆಯ ಈ ಮೂಲೆಯಿಂದ ಆ ಮೂಲೆಗೆ, ಉಳುಮೆ ಮಾಡಿದ ಹಾಗೆ, ಒಂದು ಆಳವಾದ ಗೀರನ್ನೆಳೆದು ನಿಂತಿತು!

ಓಡಿಬಂದು ನೋಡಿದೆ. ಅತ್ತೆ ಹಲಗೆಯ ಮೇಲೆ ಕೈಯಾಡಿಸಿದ್ದು ಕಣ್ಣ ಮುಂದೆ ಬಂತು. ಸುಳ್ಳೇಕೆ ಹೇಳಲಿ, ನನಗೆ ಅಳುವೇ ಬಂತು.

ದರ್ಶಿನಿ ಚಟ್ನಿ ಮೆತ್ತಿದ ಕೈಯಲ್ಲೇ ಬಂದಳು. ಹಲಗೆ ನೋಡಿದಳು. ಬಯ್ಯಲಿಲ್ಲ. ಅದೇ ಭಯವಾಯಿತು.

"ಮಿಕ್ಸಿ?"

"ಆಫು."

"ಷಡಕ್ಷರಪ್ಪನೋರ ಮೋಟ್ರು?"

"ಆಫು."

"ನಾನಂತೂ ಕರೆಂಟಲ್ಲಿ ನಡೀತಿಲ್ಲ. ಹಂಗಾದ್ರೆ ಗಲಾಟೆ ಎಲ್ಲಿಂದ ಬಂತು ರೀ?"

ಅವಳು ಕತ್ತೆತ್ತಿ ಗೋಡೆಯ ಮೇಲಿನ ಬಣ್ಣಬಣ್ಣದ ಸುರುಳಿಯನ್ನು ನೋಡಿದಳು. "ಇದ್ರೊಳಗೆ ಕೆತ್ತೋ ಮೋಟರಿನ ವೈರೂ ಇದೆಯಾ?"

"ಇದೆ. ಎಷ್ಟು ನೀಟಾಗಿ..."

"ಅಂಚು ಮುಟ್ಟೋ ಸ್ವಿಚ್ಚಿಂದೂ?"

"ಇದೆ."

"ಹತ್ತನೇ ಕ್ಲಾಸಿನ ಪರೀಕ್ಷೇಲಿ ಹದಿನಾಲ್ಕನೇ ಪ್ರಶ್ನೆ ಏನು ಕೊಟ್ಟಿದ್ರಿ?"

ಉತ್ತರ ಪತ್ರಿಕೆಗಳನ್ನು ತಿದ್ದುವುದು ನಾನು, ಅಂಕ ಕೂಡುವುದು ಅವಳು. ನಾನು ಪ್ರಶ್ನೆ ಒಪ್ಪಿಸತೊಡಗಿದೆ. "ವಿದ್ಯುತ್ ಪ್ರವಾಹ ಬದಲಾಗ್ತಿರೋ ತಂತಿಯ ಪಕ್ಕದಲ್ಲಿ ಇನ್ನೊಂದು ತಂತಿಯ ಸುರುಳಿ ಇಟ್ಟರೆ ಏನಾಗುತ್ತೆ..."

"ಏನಾಗುತ್ತೆ?"

"ಅದ್ರಲ್ಲೂ ವಿದ್ಯುತ್ತು ಹುಟ್ಟುತ್ತೆ."

"ನಲವತ್ತು ಜನಾನೂ ಸರಿಯಾಗಿ ಬರೆದಿದಾರೆ. ನಲವತ್ತು ಸಲ ಓದಿ ನನಗೇ ಬಾಯಿಪಾಠ ಆಗಿದೆ. ತಪ್ಪು ಮಾಡಿರೋದು ಪ್ರಶ್ನೆ ಕೊಟ್ಟೋರು ಒಬ್ರೇ!"

ಆಮೇಲೆ ಅಧಿಕಾರ ಹಸ್ತಾಂತರವಾಯಿತು. ದರ್ಶಿನಿ ಕತ್ತರಿ ತಂದು ಸ್ವಿಚ್ಚಿನ ವೈರುಗಳನ್ನು ಬೇಕಾದಷ್ಟಕ್ಕೆ ಕತ್ತರಿಸಿದಳು. ನನ್ನ ಕರುಳನ್ನೇ ಕತ್ತರಿಸಿದಂತಾಯಿತು. ಮೋಟರಿನ ವೈರನ್ನು ಬೇರೆ ಗೋಡೆಗೆ ಓಡಿಸಿದಳು. ಲ್ಯಾಪ್‌ಟಾಪಿಗೆ ಪ್ರಿಂಟರಿನ ಗಿಡ್ಡ ವೈರನ್ನೇ ಕಿತ್ತು ತಂದು ಸಿಕ್ಕಿಸಿದಳು. ಹಲಗೆಯನ್ನು ರೊಟ್ಟಿ ಮಗುಚಿದಂತೆ ಮಗುಚಿ, "ಈ ಕಡೆ ಕೆತ್ತಿ. ಗೀರು ಗೋಡೆ ಕಡೆಗೆ ಹೋಗುತ್ತೆ, ಯಾರ್ಗೂ ಕಾಣಲ್ಲ," ಎಂದಳು. ನನಗೆ ಹೋದ ಜೀವ ಬಂತು.

ಶನಿವಾರ ಇಬ್ಬರೂ ರಜೆ ಹಾಕಿದೆವು. ವೈರು ಗಿಡ್ಡವಾಗಿದ್ದರಿಂದ ಲ್ಯಾಪ್‌ಟಾಪು ಮಿಷನ್ನಿನ ಮಗ್ಗುಲಲ್ಲೇ ಇರಬೇಕಾಯಿತು. ಇಡಲು ಜಾಗವಿಲ್ಲದೆ ಮಣೆ ಹಾಕಿಕೊಂಡು ಕೂತು ತೊಡೆಯ ಮೇಲಿಟ್ಟುಕೊಂಡೆ. ಪುಡಿ ಬೀಳಬಾರದೆಂದು ದರ್ಶಿನಿ ಹಳೇ ಸೀರೆಯೊಂದನ್ನು ತಂದು ನನ್ನನ್ನೂ ಲ್ಯಾಪ್‌ಟಾಪನ್ನೂ ಸೇರಿಸಿ ತಲೆಯಿಂದ ಮುಚ್ಚಿದಳು. ಒಳಗೆ ಕತ್ತಲೆ, ಸೆಕೆ. ಹೊರಗೆ ಅವಳದೇ ಆಜ್ಞೆ. "ಶುರು ಮಾಡಿ!" ಒತ್ತಿದೆ. "ನಿಲ್ಸಿ, ಪುಡಿ ತೆಗೀತೀನಿ!" ನಿಲ್ಲಿಸಿದೆ. ಮಧ್ಯೆ ಹೋಗಿ ಬೇಕಂತಲೇ ಮಿಕ್ಸಿ ಹಾಕಿ ಬಂದಳು. ಮಿಷನ್ನು ಕ್ಯಾರೇ ಎನ್ನಲಿಲ್ಲ! ಕಮಲದ ಮೇಲೆ ಕಮಲ ಅರಳಿತು.

ಆರನೆಯ ಕಮಲದ ಹೊತ್ತಿಗೆ ಹಲಗೆ ಒಯ್ಯಲು ಮಾವ ಬಂದರು. ಸೀರೆಯ ಒಳಗಿನಿಂದ ನನಗೆ ಅವರ ಪಾದಗಳು ಮಾತ್ರ ಕಂಡವು. ಏಳುವಂತಿರಲಿಲ್ಲ, ಮಾತಾಡಲು ಹೋದರೆ ಪುಡಿ ಮೂಗಿಗೇರಿ ಸೀನು. ನಾಲ್ಕು ಸೀನು ಸೀನಿದೆ. ಮಾವ ಸ್ವಲ್ಪ ಹೊತ್ತು ನಿಂತು ನೋಡಿ, "ಹ್ಞೂಂ, ಹ್ಞೂಂ" ಎಂದು ಹಾಲಿಗೆ ಹೋದರು.

ಭಾನುವಾರ ಹಲಗೆ ದೇವರ ಕೋಣೆಯ ಬಾಗಿಲ ಮೇಲೆ ಕೂತಿತ್ತು. ಅತ್ತೆ ಅದನ್ನು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಂದವರೆಲ್ಲ ಕತ್ತೆತ್ತಿ, ಕೆತ್ತಿದ್ದು ಯಾರು ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಶರ್ಟಿನ ಕಾಲರ್ ನೆಟ್ಟಗೆ ಮಾಡಿ ಮುಂದೆ ಬಂದೆ.

ಅಷ್ಟರಲ್ಲಿ ಮಾವನವರೇ ಹೆಮ್ಮೆಯಿಂದ ಹೇಳಿದರು: "ಎಲ್ಲಾ ನಮ್ಮ ದರ್ಶಿನೀದೇ ಕೆಲಸ! ಅಳಿಯಂದಿರು ಪಾಪ, ಭಾರಿ ನೆಗಡಿ. ಮುಸುಕು ಹಾಕ್ಕೊಂಡು ಹಬೆ ತಗೋತಾ ಇದ್ರು. ಆದ್ರೂ ಹೆಂಡ್ತಿ ಒಬ್ಳೇ ಆಗ್ತಾಳೆ ಅಂತ ಪಕ್ಕದಲ್ಲೇ ಕೂತಿದ್ರು ನೋಡಿ!"

ಎಲ್ಲರೂ ನನ್ನನ್ನು ಕರುಣೆಯಿಂದ ನೋಡಿದರು. ನಾನು ದರ್ಶಿನಿಯನ್ನು ನೋಡಿದೆ. ಅವಳು ಒಂದು ಲೋಟ ಬಿಸಿ ಬಿಸಿ ಮೆಣಸಿನ ಕಷಾಯ ತಂದು ಕೈಗಿಟ್ಟು, "ಕುಡೀರಿ, ಇಲ್ಲಾಂದ್ರೆ ಹಲಗೆಯ ಆ ಕಡೆ ಏನಿದೆ ಅಂತ ಹೇಳಿಬಿಡ್ತೀನಿ," ಎಂದು ಪಿಸುಗುಟ್ಟಿದಳು.

ಒಂದೇ ಉಸಿರಿಗೆ ಕುಡಿದು, ಎಲ್ಲರಿಗೂ ಕೇಳುವಂತೆ ಇನ್ನೊಂದು ಸಲ ಸೀನಿದೆ.