ಮೇಪಲ್‌ಗೆ ಬಂದ ಗಂಡಾಂತರ

ನ್ಯೂಯಾರ್ಕ್ ಹತ್ತಿರದ ಓಲ್ಡ್ ಬ್ರಿಡ್ಜ್‌ನ ಜಗದೀಶ ಜಿರಲೆ ಕಂಡರೆ ಕುರ್ಚಿ ಹತ್ತುವ ಪೈಕಿ. ಅಂಥವನು ಶುಕ್ರವಾರ ಬೆಳಿಗ್ಗೆ ಹಿತ್ತಲ ಡೆಕ್ಕಿನ ಬಾಗಿಲು ತೆರೆದರೆ, ಜಾಲರಿಯ ಮೇಲೆ ಕಪ್ಪು ಹುಳುವೊಂದು ತನ್ನ ಮೈಗಿಂತ ಉದ್ದದ ಮೀಸೆ ಆಡಿಸುತ್ತ ಕೂತಿತ್ತು.

ಅವನ ಕಿರುಚಾಟಕ್ಕೆ ಪಕ್ಕದ ಮನೆಯ ದೇಜಪ್ಪ ಅಂಕಲ್ ಓಡಿಬಂದರು. ಮಂಗಳೂರಿನವರು, ರಿಟೈರಾದ ಮೇಲೆ ಬೀದಿಯವರ ಕಷ್ಟಗಳನ್ನೇ ಉದ್ಯೋಗ ಮಾಡಿಕೊಂಡವರು. ಬಗ್ಗಿ ನೋಡಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

"ಹೋಯ್ತು ಮಾರಾಯ! ಇದು ಏಷ್ಯಾದ ಲಾಂಗ್‌ಹಾರ್ನ್. ಮೇಪಲ್ ಮರ ತಿಂತದೆ. ನ್ಯೂಯಾರ್ಕಲ್ಲಿ ಇದು ಹರಡಬಾರದು ಅಂತ ಸಾವಿರಗಟ್ಟಲೆ ಮರ ಕಡಿದಿದ್ದಾರೆ. ಇನ್ನು ನಮ್ಮ ಬೀದಿ ಬೋಳು!"

ಬೀದಿಯ ಎರಡೂ ಬದಿ ಮೇಪಲ್. ಆ ನೆರಳು ನೋಡಿಯೇ ಎಲ್ಲರೂ ಇಲ್ಲಿ ಮನೆ ಕೊಂಡಿದ್ದರು. ಜಗದೀಶ ಅಂಕಲ್ ಕೈ ಹಿಡಿದುಕೊಂಡ.

"ಅಂಕಲ್, ಯಾರಿಗೂ ಹೇಳ್ಬೇಡಿ. ಮೆಲ್ಲಗೆ ಓಡಿಸ್ಬಿಡೋಣ."

"ಎಂಥ ಓಡಿಸುವುದು?" ಅಂಕಲ್ ಆಗಲೇ ಸರ್ಕಾರಿ ಹಾಟ್‌ಲೈನಿಗೆ ಫೋನ್ ಹಚ್ಚಿದ್ದರು. ಬೀದಿಯ ವಾಟ್ಸಾಪ್ ಗ್ರೂಪಿಗೆ ಫೋಟೋನೂ ಹೋಯಿತು, ಜಗದೀಶನ ಮನೆ ನಂಬರ್ ಸಮೇತ.

ಹೆಂಡತಿ ಮಾನಸಿ ಹುಳುವನ್ನು ಡಬ್ಬಿಯೊಳಗೆ ಹಿಡಿಯುವಷ್ಟರಲ್ಲಿ ಅಂಗಳದ ತುಂಬ ಬೀದಿಯವರು ನೆರೆದಿದ್ದರು.

"ಊರಿಂದ ಪಾರ್ಸೆಲ್ ತರಿಸಿದ್ರಲ್ಲ, ಅದ್ರಲ್ಲೇ ಬಂದಿರತ್ತೆ," ಎಂದಳು ಎದುರುಮನೆಯ ರಿಯಾ.

"ನಮ್ಮ ಗಿಡಾ ಕಡದ್ರ ನಾ ಸುಮ್ನ ಬಿಡೂದಿಲ್ಲ ನೋಡ್ರಿ," ಎಂದರು ಧಾರವಾಡದ ಸಿದ್ದಲಿಂಗಯ್ಯ.

ಜಗದೀಶ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಯಾರೋ ಹುಲ್ಲು ಕತ್ತರಿಸುವ ಸದ್ದು ಕೇಳಿದರೂ ಗರಗಸವೇ ಬಂತೆಂದು ಬೆಚ್ಚಿದ. ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿ ಮ್ಯಾನೇಜರ್ "ಬಜೆಟ್ ಕಟ್" ಎಂದಾಗ ಕೈಯಲ್ಲಿದ್ದ ಕಾಫಿ ಕೀಬೋರ್ಡಿನ ಪಾಲಾಯಿತು.

ಮಧ್ಯಾಹ್ನ ಸರ್ಕಾರದ ಅಧಿಕಾರಿಣಿ ಬಂದಳು. ಡಬ್ಬಿ ತೆರೆದು, ಭೂತಗನ್ನಡಿ ಹಿಡಿದು ನೋಡಿ ನಕ್ಕಳು. ರೆಕ್ಕೆಯ ಬುಡದಲ್ಲಿ ಒಂದೇ ಬಿಳಿ ಚುಕ್ಕೆ; ಏಷ್ಯಾದ್ದಾಗಿದ್ದರೆ ರೆಕ್ಕೆ ತುಂಬ ಚುಕ್ಕೆಗಳಿರುತ್ತಿದ್ದವು. ಇದು ಇಲ್ಲಿಯ ಪೈನ್ ಕಾಡಿನದೇ ಹುಳು, ಮೇಪಲ್ ಮುಟ್ಟುವುದಿಲ್ಲ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಗದೀಶನಿಗೆ ಅವಳ ಕಾಲಿಗೆ ಬೀಳೋಣವೆನಿಸಿತು.

"ಆದರೆ ಇದು ಮೊಟ್ಟೆಯಿಡುವುದು ಸತ್ತ, ಇಲ್ಲವೇ ಸಾಯುತ್ತಿರುವ ಪೈನ್ ಮರದಲ್ಲಿ. ಹತ್ತಿರದಲ್ಲಿ ಅಂಥದ್ದಿದೆಯೇ?" ಎಂದಳು ಅಧಿಕಾರಿಣಿ.

ಇತ್ತು, ಜಗದೀಶನದೇ ಹಿತ್ತಲಲ್ಲಿ. ಅವಳು ಕೈಯಿಟ್ಟಲ್ಲೆಲ್ಲ ತೊಗಟೆ ಹಪ್ಪಳದಂತೆ ಕಳಚಿತು. ಬೇರು ಸಡಿಲಾಗಿ ಮರ ದೇಜಪ್ಪ ಅಂಕಲ್ ಮನೆಯತ್ತ ವಾಲಿತ್ತು. ಜೋರು ಗಾಳಿ ಬೀಸಿದರೆ ಸಾಕು, ಉರುಳುತ್ತದೆ; ಕಡಿಸುವ ತನಕ ಆ ಮನೆಯಲ್ಲಿ ಯಾರೂ ಮಲಗಕೂಡದು ಎಂದು ಹೇಳಿ ಅವಳು ಹೊರಟಳು. ಮರ ಕಡಿಯುವವರಿಗೆ ಫೋನ್ ಮಾಡಿದರೆ, ಮುಂದಿನ ತಿಂಗಳವರೆಗೂ ಪುರಸೊತ್ತಿಲ್ಲವಂತೆ.

ಸಂಜೆ ಬಾಗಿಲ ಬೆಲ್ ಸದ್ದಾಯಿತು. ಎರಡು ದೊಡ್ಡ ಸೂಟ್‌ಕೇಸ್ ಹಿಡಿದು ದೇಜಪ್ಪ ಅಂಕಲ್, ಹಿಂದೆ ದಿಂಬು ಅವುಚಿಕೊಂಡು ಅವರ ಹೆಂಡತಿ ಅಪ್ಪಿ ಆಂಟಿ.

"ಹೆದರಬೇಡ ಮಾರಾಯ, ನನಗೆ ನಿನ್ನ ಮೇಲೆ ಕೋಪ ಇಲ್ಲ," ಎಂದು ಅಂಕಲ್ ಶೂ ಬಿಚ್ಚಿದರು. "ಗೆಸ್ಟ್ ರೂಮ್ ಮೇಲೆ ಉಂಟಾ, ಕೆಳಗೆಯಾ?"